ಜ್ವರ ಎನ್ನದ ಮಾವಶಿ

ನನ್ನವ್ವನ ತಂಗಿ ಸುನಂದಾ ಮಾವಶಿಯ ಎಡಗೈ ಹೆಬ್ಬೆರಳು ಊಟಕ್ಕೆ ಕುಳಿತಾಗಲೂ ಸುಮ್ಮನಿರುತ್ತಿರಲಿಲ್ಲ. ಮಿರಜಿನ ಲ್ಯಾಬೊಂದರಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಎಣಿಕೆ ಯಂತ್ರದ ಗುಂಡಿ ಒತ್ತುತ್ತ ಬಿಳಿ ರಕ್ತಕಣ ಎಣಿಸಿ ಎಣಿಸಿ ಅಂಟಿದ ಚಾಳಿ ಅದು. "ಇವ್ರು ಮೈಯಾಗಿನ ಕಾವಲುಗಾರ್ರು. ಹಾಜರಿ ತಗೋತೀನಿ," ಎನ್ನುತ್ತಿದ್ದಳು.

ಸಾಂಗಲಿ-ಮಿರಜ ರಸ್ತೆಯಲ್ಲಿ ದಿನಕ್ಕೊಂದು ಸ್ಕ್ಯಾನ್ ಸೆಂಟರಿನ ಬೋರ್ಡು ಏಳುತ್ತಿದ್ದ ಕಾಲ. ನಮ್ಮ ಮನೆಯಲ್ಲಿ ಮಾತ್ರ ಕ್ಯಾನ್ಸರ್ ಎಂಬ ಮಾತು ಎತ್ತುವಂತಿರಲಿಲ್ಲ. ಅಜ್ಜಿ, ದೊಡ್ಡ ಮಾವಶಿ, ನನ್ನವ್ವ, ಮೂವರೂ ಎದೆಯ ಗಂಟಿನಿಂದ ಹೋದವರು. ಊರಿಗೆ ಹೇಳಿದ್ದು ಜ್ವರ. ನಿಜ ಹೇಳಿದರೆ ಆ ಮನೆಯ ಹೆಣ್ಣನ್ನು ಯಾರು ಮಾಡಿಕೊಂಡಾರು?

ನನ್ನನ್ನು ನೋಡಲು ಮಾಲಗಾಂವದಿಂದ ದ್ರಾಕ್ಷಿ ತೋಟದವರು ಬಂದರು. ಹುಡುಗನ ತಾಯಿ, "ಹುಡುಗಿ ಅವ್ವಗ ಏನಾಗಿತ್ರಿ?" ಎಂದು ಕೇಳಿದರು.

"ಜ್ವರರಿ," ಎಂದ ಅಪ್ಪ.

ಮಾವಶಿಯ ಹೆಬ್ಬೆರಳು ನಿಂತಿತು.

"ಜ್ವರ ಅಲ್ಲರಿ, ಕ್ಯಾನ್ಸರ್. ನಮ್ಮವ್ವಗೂ ಅದ ಆಗಿತ್ತು, ದೊಡ್ಡಕ್ಕಗೂ ಅದ. ಹುಡುಗಿಗೆ ಬಂದೇ ಬರ್ತೈತಿ ಅಂತೇನಿಲ್ಲ. ಆದ್ರ ವರ್ಷಾ ವರ್ಷಾ ತಪಾಸಣಿ ಆಗಬೇಕು. ಮುಚ್ಚಿಟ್ಟು ಕೊಟ್ರ ನಾಳೆ ದವಾಖಾನಿಗೆ ಕರ್ಕೊಂಡು ಹೋಗೋರು ಯಾರು?"

ಅವಲಕ್ಕಿ ತಟ್ಟೆಗಳನ್ನು ಹಾಗೇ ಬಿಟ್ಟು ಅವರು ಎದ್ದು ಹೋದರು. ನಾನು ಮಾವಶಿಯೊಡನೆ ಮಾತು ಬಿಟ್ಟೆ. ನನ್ನ ಬಾಳಿಗೆ ಮಣ್ಣು ಹಾಕಿದಳೆಂದು ಮನಸಾರೆ ಶಪಿಸಿದೆ.

ಎಂಟು ದಿನದ ಮೇಲೆ ಆ ಹುಡುಗ ಒಬ್ಬನೇ ಬಂದ. "ಯಾವ ತಿಂಗಳಾಗ ತಪಾಸಣಿ ಮಾಡಿಸ್ಬೇಕ್ರಿ, ಮಾವಶಿ?" ಎಂದು ಕೇಳಿದ. ಮದುವೆಯಾಯಿತು.

ಎಷ್ಟೋ ವರ್ಷಗಳ ಮೇಲೆ, ದೊಡ್ಡ ಡಾಕ್ಟರೊಬ್ಬರಿಂದ ಕೇಳಿ ಬಂದು ಮಾವಶಿ ನನ್ನ ಮಗಳಿಗೆ ವಿವರಿಸಿದ್ದಳು: "ವಂಶದಿಂದ ಮೂಗು ಬಂದಂಗ ಕಾವಲುಗಾರ್ರ ಗುಣಾನೂ ಬರ್ತೈತಿ. ಕೆಲವ್ರ ಮನ್ಯಾಗ ಅವ್ರು ಕ್ಯಾನ್ಸರ್ ಅನ್ನೋ ಕಳ್ಳನ ಗುರ್ತಾ ಹಿಡಿಯಾಕ ತಡಾ ಮಾಡ್ತಾರಂತ. ಅದಕ್ಕ ನಾವ ಎಚ್ಚರ ಇರಬೇಕವ್ವ."

ತಾನೂ ಎಚ್ಚರವಿದ್ದಳು. ಗಂಟು ಬೇಗ ಸಿಕ್ಕಿತು. ಅಕ್ಕಂದಿರಿಗಿಂತ ಇಪ್ಪತ್ತು ವರ್ಷ ಹೆಚ್ಚು ಬದುಕಿದಳು. ಕೊನೆಗೆ ರೋಗ ಮರಳಿತು. ಕೊನೆಯ ಭೇಟಿಯಲ್ಲಿ ನನ್ನ ಕೈ ಬಿಗಿಯಾಗಿ ಹಿಡಿದು, "ನನ್ನ ಹೆಸರಿಗೆ ಜ್ವರಾ ಹಚ್ಚಬ್ಯಾಡ್ರಿ," ಎಂದಳು.

ಅವಳು ತೀರಿಕೊಂಡ ಮೇಲೆ ಮಾತನಾಡಿಸಲು ಬಂದ ನೆಂಟರಲ್ಲಿ ನನ್ನ ಮಗಳ ಸಂಬಂಧ ಕೇಳಿದವರೂ ಇದ್ದರು. ಹಾಳಾದ್ದು, ಅದೇ ಪ್ರಶ್ನೆ: "ಏನಾಗಿತ್ರಿ?"

ಮುದುಕನಾದ ಅಪ್ಪ, "ಜ್ವರ..." ಎಂದು ಶುರುಮಾಡಿದ. ಮಗಳು ಚಹಾದ ತಟ್ಟೆ ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಜ್ವರ ಅಲ್ಲರಿ," ಎಂದೆ.