ಏರಿನಲ್ಲಿ ಬಂದ್ ಬಿದ್ದ ಗಾಡಿ

ಲೈಸೆನ್ಸ್ ಕೈಗೆ ಬಂದು ಮೂರು ವರ್ಷವಾದರೂ ನಾನು ಕಾರನ್ನು ಬೆಳಗಾವಿಯ ನಮ್ಮ ಬಡಾವಣೆ ಅನಗೋಳ ದಾಟಿಸಿರಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಮನೆ ಹತ್ತಿರದ ಬಯಲಿನಲ್ಲಿ ಎರಡು ಇಟ್ಟಿಗೆ ಇಟ್ಟು, ಅವುಗಳ ನಡುವೆ ಕಾರನ್ನು ಹಿಂದಕ್ಕೆ ತೆಗೆದುಕೊಳ್ಳುವುದನ್ನು ಕಲಿಯುತ್ತಿದ್ದೆ. ಗಾಲಿ ಇಟ್ಟಿಗೆಗೆ ತಾಗಿತೋ, ಅಂದಿನ ಮಟ್ಟಿಗೆ ರಸ್ತೆಗಿಳಿಯುವ ಮಾತಿಲ್ಲ. ತಡೆದವರು ಯಾರೂ ಇರಲಿಲ್ಲ. ಪಕ್ಕದಲ್ಲಿ ನಾನು ಕೂರುತ್ತೇನೆ ಬಾ ಎಂದು ಗಂಡ ಕರೆದು ಕರೆದು ಸುಮ್ಮನಾಗಿದ್ದರು. ಶಾಲೆಯಲ್ಲಿ ಒಂದು ಅಕ್ಷರ ತಪ್ಪಿದರೆ ಇಡೀ ಹಾಳೆ ಹರಿದು ಮತ್ತೆ ಬರೆಯುತ್ತಿದ್ದ ಹುಡುಗಿ ನಲವತ್ತಾರರಲ್ಲೂ ನನ್ನೊಳಗೆ ಹಾಗೇ ಕೂತಿದ್ದಳು.

ಖಾನಾಪುರದಲ್ಲಿರುವ ಅಕ್ಕ ಕಣ್ಣಿನ ಪೊರೆ ತೆಗೆಸಿಕೊಳ್ಳಬೇಕಿತ್ತು. ಬೆಳಗಾವಿಯ ಆಸ್ಪತ್ರೆಗೆ ಕಾರಿನಲ್ಲಿ ಕರೆತರುತ್ತೇನೆ ಎಂದು ಫೋನಿನಲ್ಲಿ ಹೇಳಿದೆ. ಅವಳು ನಕ್ಕಳು.

"ನಿನ್ನ ಕೈ ಪಕ್ಕಾ ಆಗೂತನಾ ಕಾದ್ರ ನನಗ ಇನ್ನೊಂದು ಕಣ್ಣಿಗೂ ಪೊರಿ ಬರ್ತೈತಿ. ನಾ ಬಸ್ಸಿಗೇ ಬರ್ತೀನಿ ಬಿಡು."

ಆ ನಗು ಚುರುಕ್ಕೆಂದಿತು. ಮರುದಿನ ಆಫೀಸಿಗೆ ರಜೆ ಹಾಕಿ, ಕೀಲಿ ತೆಗೆದುಕೊಂಡು ಅಕ್ಕನನ್ನು ಕರೆತರಲು ಒಬ್ಬಳೇ ಹೊರಟೆ.

ಖಾನಾಪುರ ಇನ್ನೇನು ಬಂತು ಎನ್ನುವಾಗ ಕಬ್ಬಿನ ಟ್ರ್ಯಾಕ್ಟರೊಂದು ಏರಿನ ಮೇಲೆ ನಿಂತಿತು. ಅದರ ಹಿಂದೆ ನಾನೂ ನಿಂತೆ. ಅದು ಹೊರಟಿತು, ನನ್ನ ಗಾಡಿ ಬಂದ್ ಬಿತ್ತು. ಮತ್ತೆ ಶುರು ಮಾಡಿದೆ. ಒಂದು ಮಾರು ಹಿಂದಕ್ಕೆ ಜಾರಿ ಮತ್ತೆ ಬಂದ್. ಹಿಂದೆ ಹಾರ್ನಿನ ಗಲಾಟೆ. ಬೈಕಿನವರೊಬ್ಬರು ಕಿಟಕಿಗೆ ಬಂದು, ಕೆಳಗಿಳಿಯಿರಿ, ನಾನು ಏರಿಸಿ ಕೊಡುತ್ತೇನೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಇಳಿದುಬಿಡುವ ಆಸೆಯೂ ಆಯಿತು.

"ಬ್ಯಾಡ್ರಿ," ಎಂದೆ. "ಅವಸರ ಇದ್ದವ್ರು ಬಾಜುದಿಂದ ಹೋಗ್ರಿ. ಇದನ್ನ ನಾನೇ ಏರಸ್ತೀನಿ."

ನಾಲ್ಕನೇ ಸಲಕ್ಕೆ ಏರಿತು.

ಅಕ್ಕನ ಮನೆಯೆದುರು ತಿರುಗಿಸುವಾಗ ಕಾರಿನ ಬಾಗಿಲು ಕಾಂಪೌಂಡಿಗೆ ಉಜ್ಜಿ ಉದ್ದಕ್ಕೂ ಗೀರು ಬಿತ್ತು. ಅವಳು ಹೊರಬಂದು ಗೀರನ್ನೂ ನನ್ನನ್ನೂ ನೋಡಿ, ಚೀಲ ತರಲು ಒಳಹೋದಳು. ಪೊರೆ ತೆಗೆದ ಮೇಲೆ ಅವಳನ್ನು ಮನೆ ಮುಟ್ಟಿಸಿದವಳೂ ನಾನೇ. ಗೀರಿಗೆ ಬಣ್ಣ ಹೊಡೆಸೋಣ ಎಂದು ಗಂಡ ಅಂದಾಗ ಬೇಡವೆಂದೆ. ಈಗಲೇ ಹೊಡೆಸಿ ಏನು ಮಾಡುವುದು, ಇನ್ನೂ ಬೀಳಲಿವೆ.

ಬಿದ್ದವು ಕೂಡ. ಕಳೆದ ತಿಂಗಳು ಅಕ್ಕನನ್ನು ಕೂರಿಸಿಕೊಂಡು ಖಾನಾಪುರದಾಚೆ ಲೋಂಡಾದ ದಾರಿ ಹಿಡಿದಿದ್ದೆ. ಒಂದು ತಿರುವಿನಲ್ಲಿ ಗೇರ್ ತಪ್ಪಿ ಗಾಡಿ ಜಗ್ಗಾಡಿತು. ಅಕ್ಕ ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಇಳಿಯುತ್ತೇನೆ ಎನ್ನಲಿಲ್ಲ. ನಾನೂ ನಿಲ್ಲಿಸಲಿಲ್ಲ.