ಬೀಳದ ಹೂವಿನ ಅಪ್ಪಣೆ

ಓದುತ್ತಿರುವ ಭಕ್ತರಲ್ಲಿ ಮೊದಲೇ ಒಂದು ಮಾತು. ಇದರಲ್ಲಿ ಕೆಲವನ್ನು ನಾನೇ ನೋಡಿದ್ದೇನೆ. ಕೆಲವು ಅಕ್ಕ ಹೇಳಿ ಹೇಳಿ ನೋಡಿದಂತೆ ಆಗಿವೆ. ಎರಡನ್ನೂ ಬೇರೆ ಮಾಡಲು ಪ್ರಯತ್ನಿಸಿದ್ದೇನೆ. ಪೂರ್ತಿ ಆಗಿಲ್ಲ.

೨೦೦೩ರ ಬೇಸಿಗೆ. ಯಲ್ಲಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದು ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ. ನನಗೆ ಹುಟ್ಟಿನಿಂದ ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ. ಗಾಯವೇ ಆಗಬೇಕೆಂದಿಲ್ಲ, ಒಳಗೊಳಗೇ ರಕ್ತ ಸೋರಿ ಮೊಣಕಾಲು ಊದಿಕೊಳ್ಳುತ್ತದೆ. ಹುಬ್ಬಳ್ಳಿಯ ಡಾಕ್ಟರು ದಾನವಾಗಿ ಬಂದ ಔಷಧಿ ಕೊಡಿಸಿ, ವಾರಕ್ಕೆ ಎರಡು ಸಲ ನಾನೇ ನರಕ್ಕೆ ಚುಚ್ಚಿಕೊಳ್ಳುವುದನ್ನು ಕಲಿಸಿದ್ದರು. ನನ್ನಲ್ಲಿ ಫ್ರಿಜ್ ಇರಲಿಲ್ಲ. ಪಕ್ಕದ ಸೋಡಾ ಅಂಗಡಿಯ ಕರೀಂ ಸಾಹೇಬರು ತಮ್ಮ ಫ್ರಿಜ್ಜಿನಲ್ಲಿ ಒಂದು ಮೂಲೆ ಬಿಟ್ಟುಕೊಟ್ಟಿದ್ದರು.

ಚುಚ್ಚಿಕೊಳ್ಳುವುದನ್ನು ಯಾವಾಗ ನಿಲ್ಲಿಸಿದೆ, ಹೇಳಲಾರೆ. ನಿಲ್ಲಿಸಿದೆ ಎನ್ನುವಂಥ ದಿನವೇ ಇಲ್ಲ. ಬೆಳಿಗ್ಗೆ ಎಚ್ಚರವಾದ ಕೂಡಲೇ ಎದೆಯೊಳಗೆ ದಿಗಿಲು ನನಗಿಂತ ಮೊದಲು ಎದ್ದು ಕೂತಿರುತ್ತಿತ್ತು. ಕಾಲು ಇವತ್ತು ಊದುತ್ತದೋ, ನಾಳೆಯೋ? ಚುಚ್ಚಿಕೊಂಡರೂ ಮುಂದಿನ ವಾರ ಮತ್ತೆ ಚುಚ್ಚಿಕೊಳ್ಳಬೇಕಲ್ಲ? ಪಕ್ಕದ ಸೋಡಾ ಅಂಗಡಿ ಹುಬ್ಬಳ್ಳಿಗಿಂತ ದೂರ ಅನ್ನಿಸುತ್ತಿತ್ತು. ಬಿಚ್ಚಿಟ್ಟ ರೇಡಿಯೊಗಳು ಬಿಚ್ಚಿಟ್ಟಂತೆಯೇ ಇದ್ದವು.

"ಹೆಗಡೇರೇ, ನಿಮ್ಮ ಔಷಧಿ ನನ್ನ ಫ್ರಿಜ್ಜಲ್ಲೇ ಮುದುಕ ಆಗ್ತಾ ಅದೆ. ಮದುವೆ ಗಿದುವೆ ಮಾಡ್ಸೋದಾ ಅದಕ್ಕೆ?" ಎಂದರು ಕರೀಂ ಸಾಹೇಬರು.

ನಾನು ನಕ್ಕೆ. ಅವರು ನಗಲಿಲ್ಲ. ಸಿದ್ದಾಪುರದ ಕಡೆ ಇದ್ದ ನನ್ನ ಅಕ್ಕನಿಗೆ ಫೋನ್ ಮಾಡಿದವರು ಅವರೇ.

ಅಕ್ಕ ಮರುದಿನವೇ ಬಂದಳು. "ಎಂತಕ್ಕೆ ತಗಳ್ತಾ ಇಲ್ಲೆ, ತಮಾ?"

"ಸೂಜಿ ಯಂಗೆ ಆಗಿಬತ್ತಿಲ್ಲೆ ಕಾಣ್ತು," ಎಂದೆ. ನನ್ನ ಮೈಗೆ ಸೂಜಿ ಒಗ್ಗುವುದೋ ಇಲ್ಲವೋ ಎಂದು ಅಕ್ಕನಿಗೂ ಅನುಮಾನ ಹತ್ತಿತು.

ಹೀಗೆ ಅನುಮಾನ ಬಂದರೆ ನಮ್ಮ ಕಡೆ ದೇವರಲ್ಲಿ ಪ್ರಸಾದ ಕೇಳುತ್ತಾರೆ. ವಿಗ್ರಹದ ಎರಡೂ ಬದಿಗೆ ಒದ್ದೆ ಸಿಂಗಾರದ ಹೂ, ಅಂದರೆ ಅಡಿಕೆಯ ಹೂ, ಅಂಟಿಸಿ, ಭಟ್ಟರು ಪ್ರಶ್ನೆಯನ್ನು ಗಟ್ಟಿಯಾಗಿ ಹೇಳುತ್ತಾರೆ. ಬಲಗಡೆಯದು ಬಿದ್ದರೆ ಅಪ್ಪಣೆ. ಎಡಗಡೆಯದು ಬಿದ್ದರೆ ಬೇಡ. ಅಕ್ಕ ನನ್ನನ್ನು ತನ್ನೂರಿನ ದೇವಸ್ಥಾನಕ್ಕೆ ಹೊರಡಿಸಿದಳು. ಕರೀಂ ಸಾಹೇಬರು ಐಸ್ ತುಂಬಿ ಕೊಟ್ಟ ಥರ್ಮಾಸಿನಲ್ಲಿ ಔಷಧಿ ಅವಳ ತೊಡೆಯ ಮೇಲಿತ್ತು. ಶಿರಸಿಯಲ್ಲಿ ಬಸ್ ಬದಲಿಸುವಾಗ ನನ್ನ ಮೊಣಕಾಲು ಬಿಸಿಯಾಗತೊಡಗಿತು. ಒಳಗೆ ರಕ್ತ ಸೋರತೊಡಗಿದ ಗುರುತು ಅದು, ಅಕ್ಕನಿಂದ ಮುಚ್ಚಿಟ್ಟೆ.

ಅಕ್ಕ ಹೇಳಿಕೊಟ್ಟಂತೆ ಭಟ್ಟರು ದೇವರನ್ನು ಕೇಳಿದರು: ಈ ಸೂಜಿಯನ್ನೇ ಮುಂದುವರಿಸಬೇಕೇ? ಹೂ ಅಲುಗಲಿಲ್ಲ. ಮತ್ತೆ ಕೇಳಿದರು. ಅಲುಗಲಿಲ್ಲ. ಕಾಲೊಳಗೆ ಬಿಗಿತ ಏರುತ್ತಿತ್ತು. ಹಿಂದೆ ಸರದಿಯಲ್ಲಿದ್ದವರು ಯಾರೋ ಕೆಮ್ಮಿದರು.

ಭಟ್ಟರು ತಿರುಗಿದರು. "ಒಂದು ಹೂವಿಗೆ ಎರಡು ಪ್ರಶ್ನೆ ಹಾಕಲಾಗ್ತಿಲ್ಲೆ, ಮಾರಾಯಾ. ಮನಸ್ಸಲ್ಲಿ ಬೇರೆ ಎಂತಾದ್ರೂ ಕೇಳ್ಕಂಡ್ಯನಾ?"

ಕೇಳಿಕೊಂಡಿದ್ದೆ. ಅವರು ಗಟ್ಟಿಯಾಗಿ ಕೇಳುವಾಗ ನಾನು ಒಳಗೇ ಕೇಳುತ್ತಿದ್ದೆ: ಇದನ್ನೆಲ್ಲ ಇಲ್ಲಿಗೇ ಬಿಟ್ಟುಬಿಡಲೇ? ಅದು ಸೂಜಿಯ ಮಾತಲ್ಲ ಎಂದು ಬಾಯಿಂದ ಹೊರಬಂದ ಮೇಲೆಯೇ ನನಗೂ ತಿಳಿದದ್ದು.

"ಯಂಗೆ ಬದುಕೋದೇ ಬ್ಯಾಡ ಕಾಣ್ತು," ಎಂದೆ.

ಅಕ್ಕ ಥರ್ಮಾಸನ್ನು ಎದೆಗೆ ಒತ್ತಿಕೊಂಡಳು. ಭಟ್ಟರು ಗರ್ಭಗುಡಿಯ ಹೊಸ್ತಿಲಿಗೆ ಬಂದರು. "ಅದು ಹೂವಿಗೆ ಕೇಳೋ ಪ್ರಶ್ನೆ ಅಲ್ಲ. ಡಾಕ್ಟ್ರ ಹತ್ರ ಹೇಳು. ಇನ್ನು ಸೂಜಿದು. ಹೂ ಬಿದ್ದಿಲ್ಲೆ, ಪ್ರಸಾದ ಇನ್ನೂ ಆಜಿಲ್ಲೆ. ಅಲ್ಲಿವರಿಗೆ ಡಾಕ್ಟ್ರು ಹೇಳಿದ್ದನ್ನ ಬಿಡಲೆ ಬತ್ತಿಲ್ಲೆ."

"ಪ್ರಸಾದ ಆಗ್ತೇ ಇಲ್ಲೆ ಅಂದ್ರೆ?" ಅಕ್ಕ ಕೇಳಿದಳು.

"ತಗಳ್ತಾ ಇರ್ಲಿ. ದೇವ್ರಿಗೆಂತೂ ಅವಸರ ಇಲ್ಲೆ."

ಹೊರಗಿನ ಅರಳಿಕಟ್ಟೆಯ ಮೇಲೆ ಕೂತು ಚುಚ್ಚಿಕೊಂಡೆ. ಮೊದಲ ಸಲ ನರ ಸಿಗಲಿಲ್ಲ. ಅಕ್ಕ ನನ್ನ ತೋಳನ್ನು ಬಿಗಿಯಾಗಿ ಹಿಡಿದಿದ್ದಳು. ಆ ಹಿಡಿತದ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

ಅವಳೇ ನನ್ನನ್ನು ಹುಬ್ಬಳ್ಳಿಗೂ ಕರೆದೊಯ್ದಳು. ನಾನು ಪ್ಯಾಂಟು ಮೇಲೆ ಸರಿಸಲು ಹೋದೆ. "ಕಾಲು ಆಮ್ಯಾಲೆ ನೋಡೂಣು, ಕೂಡ್ರಿ," ಎಂದರು ಡಾಕ್ಟರು. "ಮುಂಜಾನೆ ಎದ್ದ ಕೂಡ್ಲೆ ಏನನಸ್ತದ, ಅದನ್ನ ಹೇಳ್ರಿ." ಇದೂ ಒಂದು ಕಾಯಿಲೆ, ಖಿನ್ನತೆ, ಸೂಜಿ ಬಿಡಿಸಿದ್ದೂ ಅದೇ ಎಂದು ವಿವರಿಸಿದರು. ಮಾತ್ರೆ ಕೊಟ್ಟರು, ತಿಂಗಳು ತಿಂಗಳು ಬಂದು ಮಾತಾಡಿ ಎಂದರು. ದಿಗಿಲು ಒಮ್ಮೆಲೇ ಹೋಗಲಿಲ್ಲ. ಈಗಲೂ ಕೆಲವು ಬೆಳಿಗ್ಗೆ ಬಂದು ಕೂತಿರುತ್ತದೆ. ಆದರೆ ಸೂಜಿ ಬೇಕೋ ಬೇಡವೋ ಎಂದು ಅದರ ಜೊತೆ ವಾದ ಮಾಡುವ ಕೆಲಸ ನನ್ನದಲ್ಲ. ಆ ತೀರ್ಮಾನ ದೇವರ ಹತ್ತಿರ ಉಳಿದಿದೆ.

ನಾನು ಬಾಯಿಬಿಟ್ಟ ಗಳಿಗೆಯಲ್ಲೇ ಬಲಗಡೆಯ ಹೂ ಬಿತ್ತು ಎಂದು ಅಕ್ಕ ಈಗ ಎಲ್ಲರಿಗೂ ಹೇಳುತ್ತಾಳೆ. ಚೆಂದದ ಮಾತು, ಆದರೆ ನಾನು ಕಂಡದ್ದು ಹಾಗಲ್ಲ. ಹೂ ಬೀಳಲಿಲ್ಲ. ಬಿದ್ದಿದ್ದರೆ, ಯಾವ ಕಡೆಗೇ ಆಗಲಿ, ನನ್ನ ಒಳಗಿನ ಪ್ರಶ್ನೆ ಒಳಗೇ ಉಳಿದು ನಾನು ಮನೆಗೆ ಹೋಗುತ್ತಿದ್ದೆ. ಹೂವನ್ನು ತಡೆದು ನಿಲ್ಲಿಸಿದವನಿಗೆ ನಾನು ಋಣಿ. ಅಪ್ಪಣೆ ಇನ್ನೂ ಬಂದಿಲ್ಲ, ಅಲ್ಲಿಯವರೆಗೆ ಬಿಡುವ ಹಾಗಿಲ್ಲ. ಇವತ್ತು ಬೆಳಿಗ್ಗೆಯೂ ಕರೀಂ ಸಾಹೇಬರ ಫ್ರಿಜ್ ತೆಗೆದು, ಔಷಧಿ ತಂದು, ತಗೊಂಡೆ.