ಬರೋಲೋ ಜೊತೆ ಬದನೆಕಾಯಿ

"ಇಟಲಿಯ ಈ ರೆಡ್ ವೈನಿಗೆ ಇಂಡಿಯನ್ ಊಟ ಹೊಂದೋದೇ ಇಲ್ಲ!"

ಫ್ರೆಂಡ್ಸ್, ಇವತ್ತು ಮಧ್ಯಾಹ್ನ ಮೆಕಿನ್ನಿ ಊರಿನ ನಮ್ಮ ಮನೆಯ ಊಟದ ಮೇಜಿನಲ್ಲೇ ಕೂತು ಹೀಗೆ ಘೋಷಿಸಿದವನು ನನ್ನ ಆಫೀಸಿನ ಮಾರ್ಕ್. ಬರೋಲೋ ಬಾಟಲಿ ತಂದವನೂ ಅವನೇ. ನಮ್ಮ ಅಡುಗೆಯ ಮೇಲೆ ನಂಬಿಕೆಯಿಲ್ಲದೆ ಚೀಸನ್ನೂ ಹೊತ್ತು ತಂದಿದ್ದ. ನನಗೆ ಉರಿದುಹೋಯಿತು.

ಒಂದು ಗುಟುಕು ಕುಡಿದೆ. ನಾಲಿಗೆ ಹಿಡಿದುಕೊಂಡಿತು. ಅದು ವೈನಿನಲ್ಲಿರುವ ಟ್ಯಾನಿನ್ ಎಂಬ ಅಂಶದ ಗುಣ ಎಂದ ಮಾರ್ಕ್, ಹೇಗಿರುತ್ತದೆ ಎಂದು ವಿವರಿಸಲು ಹೊರಟು "ಡ್ರೈ... ಚರ್ಮದ ಥರ... ಬಾಯಿಗೆ ಹತ್ತಿ ತುರುಕಿದ ಹಾಗೆ..." ಎಂದು ಐದು ನಿಮಿಷ ತಡಕಾಡಿದ.

ಹುಬ್ಬಳ್ಳಿಯಿಂದ ಬಂದಿರುವ ನಮ್ಮ ಅತ್ತೆ ಅಡುಗೆಮನೆಯಿಂದಲೇ ಕೇಳಿದರು. "ಏನಂತಾನ್ರಿ ಅಂವ?"

"ನೇರಳೆಹಣ್ಣು ತಿಂದ ಹಾಗೆ ಬಾಯಿ ಒಣಗುತ್ತಂತೆ, ಅತ್ತೆ."

"ಒಗರು ಅನ್ರಿ! ಒಗರಿಗೆ ಎಣ್ಣಿ ಬೇಕ್ರಿ, ಶೇಂಗಾ ಬೇಕು. ಇದನ್ನ ತಿನ್ನಾಕ ಹೇಳ್ರಿ."

ಎಣ್ಣೆ ತೇಲುವ, ಶೇಂಗಾ ಮಸಾಲೆ ತುಂಬಿದ ಬದನೆಕಾಯಿ ಎಣಗಾಯಿ, ಜೋಳದ ರೊಟ್ಟಿ ಬಂದವು. ಅತ್ತೆಯ ಮಾತನ್ನು ಮಾರ್ಕ್‌ಗೆ ಇಂಗ್ಲಿಷಿನಲ್ಲಿ ದಾಟಿಸಿದೆ. ಮಾರ್ಕ್ ತಿಂದ, ಒಂದು ಗುಟುಕು ಕುಡಿದ, ಚೀಸ್ ತಟ್ಟೆಯನ್ನು ತಾನೇ ಆಚೆ ಸರಿಸಿದ.

"ವೈನ್ ಎಷ್ಟು ಮೆತ್ತಗಾಯ್ತು! ಆಂಟಿ ವೈನಿನ ಬಗ್ಗೆ ಇದನ್ನೆಲ್ಲ ಎಲ್ಲಿ ಕಲಿತರು?"

ಅತ್ತೆಗೆ ಕನ್ನಡದಲ್ಲಿ ಹೇಳಿದೆ. "ಅಯ್ಯ, ನಾ ಅದನ್ನ ಮೂಸೂದೂ ಇಲ್ರಿ!" ಎಂದು ಇನ್ನೊಂದು ರೊಟ್ಟಿ ಬಡಿಸಿದರು.

ಹೊರಡುವಾಗ ಮಾರ್ಕ್ ಕೇಳಿದ, ಆಂಟಿ ಹೇಳಿದ ಆ ಒಗರು ಅಂದರೆ ಇಂಗ್ಲಿಷಿನಲ್ಲಿ ಏನು?

"ನೀನು ಐದು ನಿಮಿಷ ಹೇಳಿದೆಯಲ್ಲ, ಅದಷ್ಟೂ" ಎಂದೆ.